ಬಿಡಿಭಾಗ ಮಾರುವವರು ಮೊದಲು ಪ್ರಶ್ನೆ ಕೇಳಬೇಕು

ರೈಫಲ್ ತಯಾರಿಸಿದ ಕಂಪನಿಯದಲ್ಲದ, ಬೇರೆಯವರು ಮಾಡಿದ ಟ್ರಿಗರ್, ಸ್ಟಾಕ್ (ಭುಜಕ್ಕೊತ್ತಿ ಹಿಡಿಯುವ ಚೌಕಟ್ಟು), ಸ್ಕೋಪ್ ಬೇಸ್ (ಗುರಿಯ ದೂರ್ಬೀನನ್ನು ಕೂರಿಸುವ ತಳ) ಮುಂತಾದ ಬಿಡಿಭಾಗಗಳನ್ನು ಕೊಳ್ಳುವವರು ಅಂಗಡಿಯ ಸೇವೆಯನ್ನು ಸಾಮಾನ್ಯವಾಗಿ ಅಳೆಯುವುದು ಕೊಂಡ ಮೇಲೆ: ಪಾರ್ಸೆಲ್ ಎಷ್ಟು ಬೇಗ ಬಂತು, ಕೆಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡರೇ, ಫೋನ್ ಎತ್ತಿದವರ ಮಾತು ಸೌಜನ್ಯದಿಂದ ಕೂಡಿತ್ತೇ ಎಂಬುದರಿಂದ. ಇವೆಲ್ಲ ಬೇಕಾದವುಗಳೇ. ಆದರೆ ಈ ವ್ಯಾಪಾರದಲ್ಲಿ ಒಳ್ಳೆಯ ಸೇವೆಯ ಮುಖ್ಯ ಭಾಗ ಹಣ ಕೈಬದಲಾಗುವ ಮುನ್ನವೇ ಮುಗಿದಿರಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಕೇಳಿದ ಪ್ರಶ್ನೆಗೆ ಥಟ್ಟನೆ ‘ಹೌದು, ಹೊಂದುತ್ತದೆ’ ಎನ್ನುವವರಿಗಿಂತ, ಉತ್ತರಿಸುವ ಮೊದಲು ಎರಡು ಮರುಪ್ರಶ್ನೆ ಹಾಕುವವರ ಬಳಿ ನಾನು ಹೆಚ್ಚು ನಿಶ್ಚಿಂತೆಯಿಂದ ವ್ಯವಹರಿಸುತ್ತೇನೆ.

ಇದಕ್ಕೆ ಕಾರಣ ಈ ಭಾಗಗಳ ಸ್ವಭಾವದಲ್ಲಿಯೇ ಇದೆ. 1962ರಲ್ಲಿ ಮಾರುಕಟ್ಟೆಗೆ ಬಂದ ರೆಮಿಂಗ್ಟನ್ 700 ಎಂಬ ಬೋಲ್ಟ್ ಆಕ್ಷನ್ ರೈಫಲ್ ಎಷ್ಟು ಜನಪ್ರಿಯವಾಯಿತೆಂದರೆ, ಅದರ ಆಕ್ಷನ್ (ತೋಟಾವನ್ನು ಒಳಸೇರಿಸಿ ಮುಚ್ಚುವ ಬೋಲ್ಟ್ ಎಂಬ ಅಗುಳಿ ಇರುವ ಲೋಹದ ಭಾಗ) ಸ್ಟಾಕ್‌ನಲ್ಲಿ ಕುಳಿತುಕೊಳ್ಳುವ ತಳದ ಆಕಾರವನ್ನು, ಅಂದರೆ ಈ ವಲಯದವರು ‘ಫುಟ್‌ಪ್ರಿಂಟ್’ ಎನ್ನುವುದನ್ನು, ಮುಂದೆ ಹಲವಾರು ತಯಾರಕರು ಅಳವಡಿಸಿಕೊಂಡರು. ಹಾಗಾಗಿ ಬಿಡಿಭಾಗಗಳ ಪೆಟ್ಟಿಗೆಯ ಮೇಲೆ ‘700 ಮಾದರಿಗೆ’ ಎಂದು ಬರೆದಿರುವುದು ಸರ್ವೇಸಾಮಾನ್ಯ. ಆದರೆ ಆ ಬರಹ ಹೇಳದೆ ಬಿಡುವ ಸಂಗತಿಗಳೇ ಹೆಚ್ಚು. .308 ವಿಂಚೆಸ್ಟರ್ ತೋಟಾಗಳಿಗೆ ಹೊಂದುವ ಚಿಕ್ಕ ಆಕ್ಷನ್ ಮತ್ತು .30-06ರಂಥ ಉದ್ದನೆಯ ತೋಟಾಗಳಿಗೆ ಬೇಕಾದ ದೊಡ್ಡ ಆಕ್ಷನ್ ಇವುಗಳ ಸ್ಕ್ರೂಗಳ ನಡುವಣ ಅಂತರ ಬೇರೆ ಬೇರೆ. ಒಂದಕ್ಕೆ ಕೊರೆದ ಸ್ಟಾಕ್ ಇನ್ನೊಂದಕ್ಕೆ ಕೂರುವುದಿಲ್ಲ. ಹಿಮ್ಮೆಟ್ಟುವ ಹೊಡೆತವನ್ನು ತಾಳಿಕೊಳ್ಳುವ ರಿಕಾಯ್ಲ್ ಲಗ್ ಕಾರ್ಖಾನೆಯಿಂದ ಬರುವಾಗ ಸುಮಾರು 0.19 ಇಂಚು ದಪ್ಪವಿದ್ದರೆ, ನಿಖರತೆಗಾಗಿ ಬದಲಾಯಿಸಿ ಹಾಕುವ ಲಗ್ ಅನೇಕ ವೇಳೆ 0.25 ಇಂಚು ಇರುತ್ತದೆ. ಹಳೆಯ ಲಗ್‌ನ ಅಳತೆಗೆ ಕೊರೆದ ತೋಡಿನಲ್ಲಿ ಹೊಸದು ಇಳಿಯುವುದೇ ಇಲ್ಲ. ನಳಿಗೆಯ ದಪ್ಪ, ಬೋಲ್ಟ್ ಹಿಡಿಕೆಯ ಆಕಾರ, ಅದು ಬಲಗೈಯದೋ ಎಡಗೈಯದೋ ಎಂಬ ಪ್ರಶ್ನೆಗಳೂ ಇದರ ಜೊತೆಗೆ ಸೇರಿಕೊಳ್ಳುತ್ತವೆ.

ಟ್ರಿಗರ್ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಕಾರ್ಖಾನೆಯ ರೆಮಿಂಗ್ಟನ್ 700ರಲ್ಲಿ ಬೋಲ್ಟನ್ನು ಹೊರಗೆ ತೆಗೆಯಲು ಒತ್ತುವ ಸನ್ನೆ ಟ್ರಿಗರ್ ಜೋಡಣೆಯಲ್ಲಿಯೇ ಇರುತ್ತದೆ. ಅದೇ ಫುಟ್‌ಪ್ರಿಂಟ್ ಅನುಸರಿಸುವ ಬೇರೆ ಅನೇಕ ಆಕ್ಷನ್‌ಗಳಲ್ಲಿ ಈ ಬೋಲ್ಟ್ ರಿಲೀಸ್ ಆಕ್ಷನ್ನಿನ ಪಕ್ಕಕ್ಕೆ ಬಂದಿದೆ. ಆದ್ದರಿಂದ ಟ್ರಿಗರ್ ತಯಾರಕರು ಒಂದೇ ಟ್ರಿಗರನ್ನು ಬೋಲ್ಟ್ ರಿಲೀಸ್ ಸಹಿತ ಮತ್ತು ರಹಿತ ಎಂದು ಎರಡು ಬಗೆಯಲ್ಲಿ ಮಾರುತ್ತಾರೆ. ರಹಿತವಾದದ್ದನ್ನು ಕಾರ್ಖಾನೆಯ 700ಕ್ಕೆ ಹಾಕಿದರೆ, ಸ್ವಚ್ಛಗೊಳಿಸಲು ಬೋಲ್ಟ್ ತೆಗೆಯುವುದೇ ಪಡಿಪಾಟಲಾಗುತ್ತದೆ. ಒಮ್ಮೆ ನಾನು ಒಂದು ಅಂಗಡಿಗೆ ರೈಫಲ್ಲಿನ ಹೆಸರು ಬರೆದು ಟ್ರಿಗರ್ ಹೊಂದುತ್ತದೆಯೇ ಎಂದು ಕೇಳಿದಾಗ, ಅವರಿಂದ ಬಂದದ್ದು ಬೆಲೆಯಲ್ಲ, ‘ಆಕ್ಷನ್ನಿನ ಎಡಭಾಗದ ಒಂದು ಸ್ಪಷ್ಟವಾದ ಚಿತ್ರ ಕಳುಹಿಸಿ’ ಎಂಬ ಕೋರಿಕೆ. ಚಿತ್ರ ನೋಡಿದ ಮೇಲೆ ಅವರು ಸೂಚಿಸಿದ್ದು ನಾನು ಹೇಳಿದ್ದಕ್ಕಿಂತ ಅಗ್ಗದ ಟ್ರಿಗರನ್ನು. ಅದೇ ಪ್ರಶ್ನೆಗೆ ಇನ್ನೊಂದು ಅಂಗಡಿ ತನ್ನ ವಾರಂಟಿಯ ಷರತ್ತುಗಳನ್ನು ಹಾಗೆಹಾಗೇ ನಕಲು ಮಾಡಿ ಕಳುಹಿಸಿತ್ತು. ಮೈಯಳತೆ ತೆಗೆದುಕೊಳ್ಳದೆ ಅಂಗಿ ಹೊಲಿದು, ಸರಿಬರದಿದ್ದರೆ ಬಿಚ್ಚಿ ಹೊಲಿದುಕೊಡುತ್ತೇನೆ ಎನ್ನುವ ದರ್ಜಿಯ ರೀತಿ ಅದು.

ವಾರಂಟಿಯ ಬಗ್ಗೆ ಇಲ್ಲಿಯೇ ಒಂದು ಮಾತು. ಸ್ಕೋಪ್‌ಗಳ ಲೋಕದಲ್ಲಿ ವೋರ್ಟೆಕ್ಸ್‌ನಂಥ ಕಂಪನಿ ರಸೀದಿ ಕೇಳದೆ, ವಸ್ತು ಎಷ್ಟನೆಯ ಒಡೆಯನ ಕೈಯಲ್ಲಿದೆ ಎಂದು ನೋಡದೆ ದುರಸ್ತಿ ಮಾಡಿಕೊಡುವ ಜೀವಾವಧಿ ಭರವಸೆಯನ್ನೇ ತನ್ನ ಗುರುತಾಗಿಸಿಕೊಂಡಿದೆ, ಮತ್ತು ಅದಕ್ಕೆ ಸಂದ ಹೆಸರು ನ್ಯಾಯವಾದದ್ದೇ. ಆದರೆ ಸ್ಕೋಪ್ ಒಂದು ಪೂರ್ಣ ಉಪಕರಣ. ಕೆಟ್ಟರೆ ಕೆಟ್ಟಿದೆ ಎಂದು ತಿಳಿಯುತ್ತದೆ. ಬಿಡಿಭಾಗವಾದರೋ ಇನ್ನೊಂದರ ಜೊತೆ ಸೇರಿದಾಗ ಮಾತ್ರ ಅದರ ಗುಣದೋಷ ಗೊತ್ತಾಗುತ್ತದೆ. ಯಾವ ದೋಷವೂ ಇಲ್ಲದ ಬೇಸ್ ನನ್ನ ರೈಫಲ್‌ಗೆ ತಪ್ಪು ಬೇಸ್ ಆಗಿರಬಹುದು, ಮತ್ತು ಅಂಥಲ್ಲಿ ಜೀವಾವಧಿ ವಾರಂಟಿಯಿಂದ ಏನೂ ಸಾಧ್ಯವಾಗದು.

ಸ್ಕೋಪ್ ಬೇಸ್ ಮತ್ತು ರಿಂಗ್‌ಗಳು ನೋಡುವುದಕ್ಕೆ ಸರಳ ವಸ್ತುಗಳು. ಮಾರುವವರ ತಿಳಿವಳಿಕೆ ಬಯಲಾಗುವುದೂ ಇಲ್ಲಿಯೇ. ಸ್ಕೋಪನ್ನು ಹಿಡಿಯುವ ರಿಂಗ್ ಕಚ್ಚಿಕೊಳ್ಳುವ ವೀವರ್ ಹಳಿಯ ಅಡ್ಡ ತೋಡಿನ ಅಗಲ 0.180 ಇಂಚು, 1995ರಲ್ಲಿ ಅಮೆರಿಕದ ಸೇನೆ ಮಾನಕವಾಗಿ ಅಂಗೀಕರಿಸಿದ ಪಿಕಟಿನಿ ಹಳಿಯದು 0.206 ಇಂಚು. ವೀವರ್‌ಗಾಗಿ ಮಾಡಿದ ರಿಂಗ್ ಸಾಮಾನ್ಯವಾಗಿ ಪಿಕಟಿನಿಯ ಮೇಲೆ ಕೂರುತ್ತದೆ, ಆದರೆ ಪಿಕಟಿನಿಯ ರಿಂಗ್ ವೀವರ್ ಮೇಲೆ ಕೂರುವ ಖಾತರಿಯಿಲ್ಲ. ಸ್ಕೋಪ್ ಕೊಳವೆಯ ವ್ಯಾಸ ಒಂದು ಇಂಚೋ, 30 ಮಿಲಿಮೀಟರೋ, 34 ಮಿಲಿಮೀಟರೋ ಎಂದು ಕೇಳದೆ ರಿಂಗ್ ಮಾರುವವರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಸ್ಕ್ರೂಗಳ ಲೆಕ್ಕ. ಅನೇಕ ರೈಫಲ್‌ಗಳಲ್ಲಿ ಬೇಸ್ ಕೂರಿಸುವ ರಂಧ್ರಗಳಿಗೆ 6-48 ಎಂಬ ಅಳತೆಯ ತಿರುಪಿನ ಗೆರೆ ಇರುತ್ತದೆ, ಮತ್ತು ಇದು ಬಂದೂಕಿನ ಕೆಲಸದ ಹೊರಗೆ ಅಷ್ಟಾಗಿ ಕಾಣಸಿಗುವುದಿಲ್ಲ. ಹೆಚ್ಚು ಬಲ ಬೇಕೆಂದು ಕೆಲವರು ರಂಧ್ರವನ್ನು ಹಿಗ್ಗಿಸಿ 8-40ಕ್ಕೆ ಬದಲಾಯಿಸಿಕೊಂಡಿರುತ್ತಾರೆ. ಎರಡನೆಯ ಕೈಯಿಂದ ರೈಫಲ್ ಕೊಂಡವರಿಗೆ ಈ ಬದಲಾವಣೆ ತಿಳಿದಿರುವುದೇ ಇಲ್ಲ. ಜೊತೆಗೆ, ಮುಂಭಾಗದ ಸ್ಕ್ರೂ ಸ್ವಲ್ಪ ಉದ್ದವಾದರೂ ಅದರ ತುದಿ ಒಳಗಿಳಿದು ಬೋಲ್ಟ್ ಪೂರ್ತಿ ಮುಚ್ಚದಂತೆ ತಡೆಯಬಹುದು. ಯಾವ ಸ್ಕ್ರೂ ಯಾವ ರಂಧ್ರಕ್ಕೆ ಎಂದು ಬೇರೆ ಬೇರೆ ಚೀಲದಲ್ಲಿ ಹಾಕಿ ಗುರುತು ಬರೆದು ಕಳುಹಿಸುವ ಅಂಗಡಿಗಳಿವೆ. ಆ ಚಿಕ್ಕ ಪ್ಲಾಸ್ಟಿಕ್ ಚೀಲಗಳಿಗೆ ನಾನು ಕೊಡುವ ಬೆಲೆ, ಪೆಟ್ಟಿಗೆಯೊಳಗೆ ಉಚಿತವಾಗಿ ಬರುವ ಸ್ಟಿಕ್ಕರ್ ಮತ್ತು ಟೋಪಿಗಳಿಗೆ ಕೊಡುವುದಿಲ್ಲ.

ಜೋಡಣೆಯ ಸೂಚನಾಪತ್ರವೂ ಸೇವೆಯ ಭಾಗವೇ. ಸ್ಕ್ರೂ ಎಷ್ಟು ಬಿಗಿಯಬೇಕು ಎಂಬುದನ್ನು ಅಂಕಿಯಲ್ಲಿ ಬರೆದರೆ ಸಾಲದು, ಮಾನವನ್ನೂ ನಿಚ್ಚಳವಾಗಿ ಬರೆಯಬೇಕು. ಅಲ್ಯೂಮಿನಿಯಂ ಚಾಸಿಗಳಲ್ಲಿ (ಸ್ಟಾಕಿನ ಬದಲು ಬಳಸುವ ಲೋಹದ ಚೌಕಟ್ಟುಗಳಲ್ಲಿ) ಆಕ್ಷನ್ ಸ್ಕ್ರೂಗಳಿಗೆ ಸಾಮಾನ್ಯವಾಗಿ ಸೂಚಿಸುವ 65 ಇಂಚು-ಪೌಂಡು ಎಂದರೆ ಸುಮಾರು 7.3 ನ್ಯೂಟನ್ ಮೀಟರ್. ಅದೇ 65ನ್ನು ಅಡಿ-ಪೌಂಡು ಎಂದು ಓದಿಕೊಂಡು ಬಿಗಿದರೆ ಹನ್ನೆರಡು ಪಟ್ಟು ಬಲ ಬಿದ್ದು ಸ್ಕ್ರೂ ಮುರಿಯುವುದು ಖಂಡಿತ. ಸ್ಕೋಪ್ ರಿಂಗಿನ ಸ್ಕ್ರೂಗಳಿಗೆ 18 ಇಂಚು-ಪೌಂಡಿನ ಆಸುಪಾಸು ಸಾಕು. ಅದಕ್ಕಿಂತ ಬಹಳ ಮೀರಿದರೆ ಸ್ಕೋಪಿನ ಕೊಳವೆ ನಜ್ಜಾಗುತ್ತದೆ. ಟ್ರಿಗರಿನ ಸೂಚನಾಪತ್ರದಲ್ಲಿ ಜೋಡಣೆಯಾದ ಮೇಲೆ ಮಾಡಬೇಕಾದ ಪರೀಕ್ಷೆ ಇರಲೇಬೇಕು: ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಬೋಲ್ಟನ್ನು ರಭಸದಿಂದ ಮುಚ್ಚಿ ನೋಡುವುದು, ಸೇಫ್ಟಿ ಹಾಕಿ ಟ್ರಿಗರ್ ಎಳೆದು, ಬಿಟ್ಟು, ಮತ್ತೆ ಸೇಫ್ಟಿ ತೆಗೆದು, ಯಾವ ಹಂತದಲ್ಲಿಯೂ ಫೈರಿಂಗ್ ಪಿನ್ (ತೋಟಾಕ್ಕೆ ಬಡಿಯುವ ಮೊಳೆ) ತಾನಾಗಿ ಬೀಳುವುದಿಲ್ಲವೆಂದು ನೋಡುವುದು. ಇಷ್ಟಾದರೂ ಧೈರ್ಯವಿಲ್ಲದವರು ಬಂದೂಕು ದುರಸ್ತಿ ಮಾಡುವ ಪರಿಣತರಲ್ಲಿಗೆ ಒಯ್ಯಲಿ ಎಂದು ಮಾರುವವರೇ ಹೇಳಿದರೆ, ಅವರು ಗಿರಾಕಿಯನ್ನು ಕಡೆಗಣಿಸಿದರೆಂದು ನಾನು ತಿಳಿಯುವುದಿಲ್ಲ.

ತಡವಾಗುವುದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಚಿಕ್ಕ ಕಾರ್ಖಾನೆಗಳು ಒಂದು ಮಾದರಿಯನ್ನು ಒಂದಿಷ್ಟು ಸಂಖ್ಯೆಯಲ್ಲಿ ಮಾಡಿ, ಯಂತ್ರವನ್ನು ಬೇರೆ ಮಾದರಿಗೆ ಹೊಂದಿಸಿಕೊಳ್ಳುತ್ತವೆ. ನಿಮ್ಮ ಸರದಿ ಬರುವವರೆಗೆ ಕಾಯಲೇಬೇಕು. ತಕರಾರಿರುವುದು ಇಲ್ಲದ ಸರಕನ್ನು ಇದೆಯೆಂದು ತೋರಿಸಿ ಹಣ ಹಿಡಿದಿಟ್ಟುಕೊಳ್ಳುವವರ ಬಗ್ಗೆ. ಅಮೆರಿಕದಲ್ಲಿ ಇದಕ್ಕೆ ಕಾನೂನಿನ ನಿಯಮವೇ ಇದೆ: ದೂರದಿಂದ ಕೊಳ್ಳುವ ಸರಕಿಗೆ ಅವಧಿ ಹೇಳದಿದ್ದರೆ 30 ದಿನಗಳೊಳಗೆ ಕಳುಹಿಸಬೇಕು, ಆಗದಿದ್ದರೆ ಗಿರಾಕಿಗೆ ತಿಳಿಸಿ ಆರ್ಡರ್ ರದ್ದುಮಾಡುವ ಅವಕಾಶ ಕೊಡಬೇಕು. ನಿಯಮದ ಭಯವಿಲ್ಲದೆಯೂ ಹೀಗೆ ನಡೆದುಕೊಳ್ಳುವವರನ್ನು ಬಿಟ್ಟು ಬೇರೆ ಕಡೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಕಾನೂನಿನ ಮಾತು ಬಂದದ್ದರಿಂದ ಗಡಿಯಾಚೆಯಿಂದ ತರಿಸುವವರಿಗೆ ಮುಖ್ಯವಾದ ಸಂಗತಿಯನ್ನೂ ಹೇಳಬೇಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ರೈಫಲ್ಲಿನ ರಿಸೀವರನ್ನೇ (ಆಕ್ಷನ್ನಿನ ಹೊರಕವಚವನ್ನೇ) ಬಂದೂಕೆಂದು ಪರಿಗಣಿಸುವುದರಿಂದ, ನಳಿಗೆ, ಬೋಲ್ಟ್‌ಗಳನ್ನು ಅಲ್ಲಿನ ಅಂಗಡಿಗಳು ಮಾಮೂಲಿ ಸರಕಿನಂತೆ ಮಾರಿ ಅಭ್ಯಾಸವಿದೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ನಳಿಗೆ ಮತ್ತು ಬೋಲ್ಟ್ ಕೂಡ ಆಯುಧದ ಅತ್ಯವಶ್ಯ ಭಾಗಗಳು. ಆಯುಧಕ್ಕೆ ಅನ್ವಯಿಸುವ ಕಟ್ಟುಪಾಡು ಅವಕ್ಕೂ ಅನ್ವಯಿಸುತ್ತದೆ. ಒಂದು ದೇಶದಲ್ಲಿ ಬರಿಯ ಬಿಡಿಭಾಗವಾಗಿರುವುದು ಇನ್ನೊಂದು ದೇಶದಲ್ಲಿ ಪರವಾನಗಿ ಬೇಡುವ ವಸ್ತುವಾಗುತ್ತದೆ. ಪರವಾನಗಿಯ ಪ್ರತಿ ಕೇಳುವ, ರಫ್ತು ಅನುಮತಿ ಬೇಕೆಂದು ಮೊದಲೇ ತಿಳಿಸುವ, ಇಲ್ಲವೇ ‘ಇದನ್ನು ನಿಮ್ಮ ದೇಶಕ್ಕೆ ಕಳುಹಿಸಲಾರೆವು’ ಎಂದು ನೇರವಾಗಿ ಹೇಳುವ ಅಂಗಡಿಯ ಮೇಲೆ ಸಿಟ್ಟಾಗುವವರನ್ನು ಕಂಡಿದ್ದೇನೆ. ಸುಂಕದ ಕಟ್ಟೆಯಲ್ಲಿ ಜಪ್ತಿಯಾದ ಪೆಟ್ಟಿಗೆಗೂ ಅದರ ಹಿಂದೆ ಬರುವ ವಿಚಾರಣೆಗೂ ಹೋಲಿಸಿದರೆ ಆ ‘ಇಲ್ಲ’ ಎಂಬ ಉತ್ತರ ದೊಡ್ಡ ಉಪಕಾರ.

ಮಾರಿದ ಮೇಲಿನ ಸೇವೆಯಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ದೋಷದ ಸುದ್ದಿಯನ್ನು ಗಿರಾಕಿಗೆ ಮುಟ್ಟಿಸುವುದನ್ನು. 2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ಕಂಪನಿ, 2006ರ ಮೇ ತಿಂಗಳಿಂದ ಅಲ್ಲಿಯವರೆಗೆ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಹಾಕಿ ತಯಾರಿಸಿದ್ದ 700 ಮತ್ತು ಸೆವೆನ್ ಮಾದರಿಯ ರೈಫಲ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಜೋಡಣೆಯಲ್ಲಿ ಬಳಸಿದ್ದ ಅಂಟು ಹೆಚ್ಚಾಗಿ, ಕೆಲವು ಸಂದರ್ಭಗಳಲ್ಲಿ ಟ್ರಿಗರ್ ಎಳೆಯದೆಯೇ ಗುಂಡು ಹಾರುವ ಸಾಧ್ಯತೆ ಇತ್ತು. ರೈಫಲ್‌ಗಾದರೆ ಕ್ರಮಸಂಖ್ಯೆ ಇರುತ್ತದೆ, ಯಾವುದು ದೋಷದ ತಯಾರಿಕಾ ಕಂತಿಗೆ ಸೇರಿದ್ದೆಂದು ಹುಡುಕಬಹುದು. ಬೇರೆಯವರು ಮಾಡಿದ ಬಿಡಿ ಟ್ರಿಗರ್ ಕೊಂಡವನಿಗೆ ಅಂಥ ಸುದ್ದಿ ತಲುಪಬೇಕಾದರೆ, ಯಾವ ತಯಾರಿಕಾ ಕಂತಿನ ಭಾಗ ಯಾರಿಗೆ ಹೋಯಿತು ಎಂಬ ದಾಖಲೆಯನ್ನು ಮಾರಿದವರು ಇಟ್ಟಿರಬೇಕು, ಮತ್ತು ಕೊಂಡವನು ತನ್ನ ವಿಳಾಸವನ್ನು ಸರಿಯಾಗಿ ಕೊಟ್ಟಿರಬೇಕು. ಹೊಸ ಅಂಗಡಿಯಿಂದ ಟ್ರಿಗರ್ ತರಿಸುವ ಮುನ್ನ ಅಂಥ ದಾಖಲೆ ಇಡುತ್ತೀರಾ ಎಂದು ಈಗ ನಾನು ಬರೆದು ಕೇಳುತ್ತೇನೆ; ಪ್ರಶ್ನೆ ಅರ್ಥವಾಗಲಿಲ್ಲ ಎಂಬ ಉತ್ತರ ಬಂದರೆ ಬೇರೆ ಅಂಗಡಿ ನೋಡುತ್ತೇನೆ.