ಶನಿವಾರ ಬರ್ತೀನಿ ಅಂದಿದ್ದೆ

ಬೆಳಗ್ಗೆ ಐದೂವರೆಗೆ ಫೋನ್ ಬಂತು ಅಂದ್ರೆ ನಮ್ಮ ಮಕ್ಕಳ ರಕ್ಷಣೆ ಕೆಲ್ಸದಲ್ಲಿ ಎರಡೇ ಅರ್ಥ, ಯಾವುದೋ ಮಗು ಸಿಕ್ಕಿರುತ್ತೆ, ಇಲ್ಲಾ ಯಾವುದೋ ಮಗು ಹೋಗಿರುತ್ತೆ. ಅವತ್ತು ಹೋಗಿತ್ತು. "ಮೇಡಂ, ನಿಮ್ ಹುಡುಗ ರಾತ್ರಿ ಕಾಂಪೌಂಡ್ ಹಾರಿದಾನ್ರಿ" ಅಂದ್ರು, ನೋಡ್ಕೊಳ್ಳೋರಿಲ್ಲದ ಮಕ್ಕಳನ್ನ ಇಟ್ಕೊಳ್ಳೋ ಹೋಮಿನಿಂದ. ಇದ್ದಾಗ ಅವರ ಹುಡುಗ, ಓಡಿಹೋದಾಗ ನಮ್ ಹುಡುಗ, ಇರ್ಲಿ.

ಅವನ ಹೆಸರು ಇಲ್ಲಿ ಹಾಕಲ್ಲ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಇಂಥಾ ಮಕ್ಕಳ ಗುರುತು ಹೊರಗೆ ಬಿಡಂಗಿಲ್ಲ. ನಾನು ಅವನನ್ನ ಮೊದಲಿಂದ್ಲೂ ತಮ್ಮಾ ಅಂತಾನೇ ಕರೀತಿದ್ದಿದ್ದು, ಇಲ್ಲೂ ಅದೇ ಇರ್ಲಿ. ವಯಸ್ಸು ಹದಿನೈದು. ಅಪ್ಪ ಇಲ್ಲ, ಅಮ್ಮ ಎಲ್ಲಿದಾಳೋ ಗೊತ್ತಿಲ್ಲ, ಸಾಕಿದ್ದ ಅಜ್ಜಿನೂ ತೀರ್ಕೊಂಡ್ಮೇಲೆ ಅವನೂ ಒಂಬತ್ತು ವರ್ಷದ ತಂಗಿನೂ ನಮ್ ಕೈಗೆ ಬಂದ್ರು. ಗಂಡು ಮಕ್ಕಳಿಗೆ ಬೇರೆ ಹೋಮು, ಹೆಣ್ಣು ಮಕ್ಕಳಿಗೆ ಬೇರೆ, ಹಂಗಾಗಿ ಅಜ್ಜಿ ಮನೇಲಿ ಒಂದೇ ಕೌದಿ ಹೊದ್ದು ಮಲಗ್ತಿದ್ದ ಅಣ್ಣ ತಂಗಿ, ಒಂದೇ ಊರಲ್ಲಿದ್ರೂ, ಒಬ್ರನ್ನೊಬ್ರು ನೋಡಾಕೆ ಪರ್ಮಿಷನ್ ತಗೋಬೇಕಾಯ್ತು.

ಸ್ಕೂಟಿ ತೆಗ್ದು ಮೊದ್ಲು ದಾವಣಗೆರೆ ರೈಲ್ವೆ ಸ್ಟೇಷನ್ನಿಗೆ ಹೋದೆ, ಓಡಿಹೋಗೋರು ಬೆಂಗಳೂರಿನ ಕಡೆಗೋ ಹುಬ್ಬಳ್ಳಿ ಕಡೆಗೋ ರೈಲು ಹತ್ತೋದೇ ಜಾಸ್ತಿ. ಪ್ಲಾಟ್‌ಫಾರ್ಮ್ ಪೂರ್ತಿ ನೋಡಿದೆ, ಚಾ ಮಾರೋರನ್ನ ಕೇಳ್ದೆ, ಪೊಲೀಸ್ನೋರಿಗೆ ಫೋಟೋ ತೋರಿಸ್ದೆ. ಇಲ್ಲ. ಬಸ್ ಸ್ಟ್ಯಾಂಡಲ್ಲೂ ಇಲ್ಲ. ಅಷ್ಟೊತ್ತಿಗೆ ಅಮ್ಮನ ಫೋನು, "ತಿಂಡಿ ತಿಂದ್ಯಾ?" ಆಮೇಲೆ ಮಾಮೂಲಿ ಡೈಲಾಗು, "ಮಂದಿ ಮಕ್ಕಳನ್ನ ಹುಡುಕ್ಕೊಂತ ತಿರುಗೋದೇ ಆತು ನಿಂದು." ಒಂಬತ್ತು ವರ್ಷ ಆಯ್ತು ಈ ಕೆಲ್ಸಕ್ಕೆ ಬಂದು, ಇನ್ನೂ ನಮ್ಮ ಓಣಿಯೋರು ನನ್ನ ಅಂಗನವಾಡಿ ಟೀಚರ್ ಅಂತಾನೇ ತಿಳ್ಕೊಂಡಿದಾರೆ. ನನ್ ಜೊತೆ ತೋಳಹುಣಸೆಯ ದಾವಣಗೆರೆ ಯೂನಿವರ್ಸಿಟಿಲಿ ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯ ಓದಿದ ಅರ್ಧಕ್ಕರ್ಧ ಜನ ಎಚ್‌ಆರ್ ತಗೊಂಡು ಬೆಂಗಳೂರಲ್ಲಿ ಎಸಿ ರೂಮಲ್ಲಿದಾರೆ, ನಾನು ಪ್ರತಿ ಮಾರ್ಚಿಗೆ ಕಾಂಟ್ರಾಕ್ಟ್ ರಿನ್ಯೂ ಆಗುತ್ತೋ ಇಲ್ವೋ ಅಂತ ಬೆರಳು ಮಡಚಿ ಎಣಿಸ್ತಾ ಕೂತಿರ್ತೀನಿ.

ಈಗ ಮುಚ್ಚಿಡೋದು ಬೇಡ, ಅವನು ಓಡಿಹೋಗಿದ್ದು ನನ್ನಿಂದ. ಹರಿಹರದ ಗಂಡ ಹೆಂಡ್ತಿ ಒಬ್ರು ಅವನ ತಂಗಿಯ ಪೋಷಕತ್ವಕ್ಕೆ ಅರ್ಜಿ ಹಾಕಿದ್ರು, ಅದೇ ಫಾಸ್ಟರ್ ಕೇರ್. ಜನ ಇದನ್ನ ದತ್ತು ಅಂತಾನೇ ಅನ್ಕೊಳ್ಳೋದು. ದತ್ತು ಅಂದ್ರೆ ಮಗು ಕಾಯಮ್ಮಾಗಿ ಅವರದ್ದೇ ಆಗೋದು. ಇದರಲ್ಲಿ ಹಂಗಲ್ಲ, ಮಕ್ಕಳ ಕಲ್ಯಾಣ ಸಮಿತಿ ಆದೇಶದ ಮೇಲೆ ಮಗು ಅವರ ಮನೇಲಿ ಬೆಳೆಯುತ್ತೆ, ಖರ್ಚಿಗೆ ಅಂತ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೇಲಿ ತಿಂಗಳಿಗೆ 4,000 ರೂಪಾಯಿ ಬರುತ್ತೆ, ನಾವು ಆಗಾಗ ಹೋಗಿ ನೋಡ್ಕೊಂಡು ಬರ್ತಿರಬೇಕು. ಅವರ ಮನೆಗೆ ನಾನೇ ಹೋಗಿದ್ದೆ ಹೋಮ್ ಸ್ಟಡಿಗೆ, ಅಂದ್ರೆ ಮನೆ ಹೆಂಗಿದೆ ಅಂತ ನೋಡ್ಕೊಂಡು ಬರಾಕೆ. ಒಳ್ಳೇ ಜನ, ಸುಳ್ಳು ಹೇಳಬಾರ್ದು. ಅವಲಕ್ಕಿ ಕೊಟ್ರು, ಹುಡುಗಿಗೆ ಅಂತ ರೂಮು ತೋರಿಸಿದ್ರು, ಅಡಿಗೆ ಮನೇಲಿ ಆಯಮ್ಮ ನನ್ನ ಪಕ್ಕಕ್ಕೆ ಕರ್ದು ಮೆಲ್ಲಗೆ "ಅಣ್ಣನ್ನ ಬ್ಯಾಡ್ರಿ, ದೊಡ್ಡೋನು ಆಗಿಬಿಟ್ಟಾನ, ನಮಗ ಭಯ ಆಕ್ಕೈತಿ" ಅಂದ್ರು. ಒಡಹುಟ್ಟಿದೋರನ್ನ ಆದಷ್ಟೂ ಒಂದೇ ಮನೇಲಿ ಇಡಬೇಕು ಅಂತ ಕಾಯ್ದೆನೇ ಹೇಳುತ್ತೆ. ಆದ್ರೆ ಮೀಸೆ ಚಿಗುರಿರೋ ಹುಡುಗನ್ನ ಮನೆ ಒಳಗೆ ಕರ್ಕೊಳ್ರಿ ಅಂತ ಕಾಯ್ದೆ ತೋರಿಸಿ ಒಪ್ಸಾಕೆ ಆಗುತ್ತಾ? ಇಷ್ಟು ವರ್ಷದಲ್ಲಿ 'ದೊಡ್ಡ ಹುಡುಗ ಇದ್ರೆ ಕೊಡ್ರಿ' ಅಂತ ಬಂದೋರನ್ನ ನಾನು ಒಬ್ರನ್ನೂ ನೋಡಿಲ್ಲ.

ಈ ವಿಷ್ಯ ತಮ್ಮನಿಗೆ ನಾನು ಹೇಳಬೇಕಿತ್ತು. "ಶನಿವಾರ ಬರ್ತೀನೋ, ತಂಗಿ ಹತ್ರ ಕರ್ಕೊಂಡು ಹೋಗ್ತೀನಿ, ಹಂಗೇ ಸ್ವಲ್ಪ ಮಾತಾಡೋದೈತೆ" ಅಂದಿದ್ದೆ. ಶನಿವಾರ ರಿಪೋರ್ಟ್ ಮೀಟಿಂಗ್ ಬಂತು, ಹೋಗ್ಲಿಲ್ಲ. ಮೀಟಿಂಗ್ ಇದ್ದಿದ್ದು ನಿಜ, ಆದ್ರೆ ಅದು ಮೂರು ಗಂಟೆಗೇ ಮುಗೀತು, ಅಲ್ಲಿಂದ ಹೋಮಿಗೆ ಹತ್ತು ನಿಮಿಷದ ದಾರಿ. ನಾನು ಅಶೋಕ ರೋಡಿಗೆ ಹೋಗಿ ಬ್ಲೌಸ್ ಪೀಸ್ ತಗೊಂಡು ಮನೆಗೆ ಬಂದೆ. ಹೇಳೋ ಕಷ್ಟ ಸೋಮವಾರಕ್ಕೆ ಮುಂದೆ ಹೋಯ್ತಲ್ಲ ಅಂತ ಒಳಗೊಳಗೇ ಹಗುರನೂ ಆಗಿತ್ತು.

ಎಂಟು ಗಂಟೆ ಹೊತ್ತಿಗೆ ನೆನಪಾಯ್ತು, ಅವರಪ್ಪ ಮಂಡಕ್ಕಿ ಭಟ್ಟಿಲಿ ಕೆಲ್ಸ ಮಾಡ್ತಿದ್ದ ಅಂತ ಫೈಲಲ್ಲಿ ನಾನೇ ಬರ್ದಿದ್ದೆ. ದಾವಣಗೆರೆ ಮಿರ್ಚಿ ಮಂಡಕ್ಕಿ ಅಂದ್ರೆ ಎಲ್ರೂ ಬಾಯಿ ಚಪ್ಪರಿಸ್ತಾರೆ, ಆ ಮಂಡಕ್ಕಿ ಹುಟ್ಟೋ ಜಾಗಕ್ಕೆ ಒಂದ್ಸಲ ಹೋಗಿ ನೋಡ್ಬೇಕು, ಕುದಿಸಿ ಒಣಗಿಸಿದ ಅಕ್ಕಿನ ಕಾದ ಮರಳಿಗೆ ಹಾಕಿ ಹುರೀತಿರ್ತಾರೆ, ಆ ಕಾವು, ಆ ಕರೀ ಹೊಗೆ, ಎರಡು ನಿಮಿಷಕ್ಕೆ ಕಣ್ಣುರಿ. ಹದಿನಾಲ್ಕು ತುಂಬದ ಮಕ್ಕಳನ್ನ ಇಂಥಾ ಕಡೆ ದುಡಿಸೋದು ಅಪರಾಧ, ಅಪಾಯದ ಕೆಲ್ಸ ಆದ್ರೆ ಹದಿನೆಂಟರವರೆಗೂ. ನಾಲ್ಕನೇ ಭಟ್ಟಿಲಿ ಸಿಕ್ಕ. ಅಕ್ಕಿ ಚೀಲದ ಮೇಲೆ ಮಂಡಿ ಮಡಚಿ ಕೂತಿದಾನೆ, ತಲೆ ತುಂಬಾ ಹೊಟ್ಟಿನ ಧೂಳು. ಭಟ್ಟಿ ಸಾಹುಕಾರ ನನ್ನ ಐಡಿ ಕಾರ್ಡ್ ನೋಡಿದ್ದೇ ತಡ "ಕೆಲ್ಸಕ್ಕೆ ಇಟ್ಕೊಂಡಿಲ್ರೀ ಮೇಡಂ, ರಾತ್ರಿ ಬಂದು ಕುಂತಾನ, ಪಾಪ ಅಂತ ಚಾ ಕುಡಿಸೀನಿ ಅಷ್ಟೇ" ಅಂತ ಶುರು ಮಾಡಿದ್ರು. ಇವತ್ತಿಗೆ ಅದು ನಿಜಾನೇ ಇರಬಹುದು, ಇನ್ನೊಂದು ವಾರ ಬಿಟ್ಟಿದ್ರೆ ಸುಳ್ಳಾಗ್ತಿತ್ತು.

ನಾನೂ ಪಕ್ಕದ ಚೀಲದ ಮೇಲೆ ಕೂತೆ. ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ದು ಒಂದೂ ನೆನಪಿಗೆ ಬರ್ಲಿಲ್ಲ.

"ಶನಿವಾರ ಅಂದಿದ್ರಿ" ಅಂದ.

"ಮೀಟಿಂಗ್ ಇತ್ತೋ."

ಸುಮ್ನಿದ್ದ. ಆಮೇಲೆ ನನ್ನ ಮುಖ ನೋಡದೇನೇ, "ಪಾಪುನ ಹರಿಹರದೋರು ಕರ್ಕೊಂಡು ಹೋಗ್ತಾರಂತಲ್ಲ, ನಾನು ಬ್ಯಾಡಂತಲ್ಲ." ಹೋಮಲ್ಲಿ ಮಕ್ಕಳಿಗೆ ಎಲ್ಲಾ ಗೊತ್ತಾಗುತ್ತೆ, ಹೆಂಗೆ ಗೊತ್ತಾಗುತ್ತೆ ಅಂತ ಮಾತ್ರ ನಮಗೆ ಗೊತ್ತಾಗಲ್ಲ. ಶನಿವಾರ ಗೇಟ್ ಹತ್ರ ನನಗೆ ಕಾಯ್ಕೊಂಡು ನಿಂತಾಗ ಯಾರೋ ಅಂದುಬಿಟ್ಟಿದಾರೆ. ನಾನು ಹೇಳಬೇಕಿದ್ದ ಮಾತು ಇನ್ನೊಬ್ರ ಬಾಯಲ್ಲಿ ಕೇಳಿದಾನೆ.

"ಮೀಟಿಂಗ್ ಬೇಗ ಮುಗ್ದಿತ್ತು. ಹೆಂಗ್ ಹೇಳೋದು ಅಂತ ಗೊತ್ತಾಗ್ಲಿಲ್ಲ, ಅದಕ್ಕೆ ಬರ್ಲಿಲ್ಲ" ಅಂದೆ. ಅವನು ಅವಾಗ್ಲೇ ನನ್ನ ಮುಖ ನೋಡಿದ್ದು.

"ಹಂಗಾದ್ರೆ ಇನ್ಮೇಲೆ ಬಂದ್ರೆ ಬರ್ರಿ ಅಕ್ಕ, ಬರ್ತೀನಿ ಅಂತ ಹೇಳಬ್ಯಾಡ್ರಿ."

ಕಾನೂನಿನ ಪ್ರಕಾರ 24 ಗಂಟೆ ಒಳಗೆ ಸಮಿತಿ ಮುಂದೆ ಹಾಜರುಪಡಿಸಬೇಕು, ಅವತ್ತೇ ಮಧ್ಯಾಹ್ನ ಕರ್ಕೊಂಡು ಹೋದೆ. ಯಾಕಪ್ಪಾ ಓಡಿಹೋದೆ ಅಂತ ಕೇಳಿದ್ದಕ್ಕೆ ಅವನು ಉತ್ತರನೇ ಕೊಡ್ಲಿಲ್ಲ, ತಿರುಗಿ ಒಂದು ಪ್ರಶ್ನೆ ಕೇಳ್ದ, "ನಂಗೆ ಹದಿನೆಂಟು ಆದ್ಮೇಲೆ ತಂಗಿನ ವಾಪಸ್ ಕೊಡ್ತೀರಾ ಸರ್?" ಎದುರಿಗೆ ಕೂತೋರು ಪೆನ್ನು ಕೆಳಗಿಟ್ರು. ಹದಿನೆಂಟಾದ್ರೆ ಅವನೇ ಹೋಮ್ ಬಿಡಬೇಕು, ಆಮೇಲೆ ಇಪ್ಪತ್ತೊಂದರವರೆಗೆ ಅನುಪಾಲನೆ ಅಂತ ಒಂದಿಷ್ಟು ಸಹಾಯ ಇದೆ, ತರಬೇತಿ ಇದೆ, ಇದನ್ನೆಲ್ಲಾ ಒಬ್ರು ಮೇಡಂ ಸಮಾಧಾನದಿಂದ ಬಿಡಿಸಿ ಹೇಳಿದ್ರು. ಅವನು ತಲೆ ಆಡಿಸ್ದ. ಅವನು ಕೇಳಿದ್ದು ಅದಲ್ಲ ಅಂತ ಅಲ್ಲಿದ್ದ ಎಲ್ರಿಗೂ ಗೊತ್ತಿತ್ತು. ಕೊನೆಗೆ ಹರಿಹರದವರ ಜೊತೆ ಇನ್ನೊಂದ್ಸಲ ಮಾತಾಡಿ, ಅಣ್ಣ ರಜೆ ದಿನ ಬಂದು ಹೋಗೋಕಾದ್ರೂ ಒಪ್ತಾರಾ ಕೇಳಿ, ಅಲ್ಲಿವರೆಗೂ ಫೈಲ್ ಮುಂದಕ್ಕೆ ಹೋಗೋದು ಬೇಡ ಅಂತ ಆಯ್ತು. ಒಪ್ತಾರೋ ಬಿಡ್ತಾರೋ, ಈಗ್ಲೇ ಹೇಳಾಕಾಗಲ್ಲ.

ಮುಂದಿನ ಶನಿವಾರ ಹೋದೆ. ಬರ್ತೀನಿ ಅಂತ ಹೇಳಿರ್ಲಿಲ್ಲ. ಅವನನ್ನ ಕರ್ಕೊಂಡು, ದಾರೀಲಿ ಗಾಡಿ ಹತ್ರ ನಿಲ್ಲಿಸಿ ಮೂರು ಪ್ಲೇಟು ಮಿರ್ಚಿ ಮಂಡಕ್ಕಿ ಕಟ್ಟಿಸ್ಕೊಂಡು ತಂಗಿ ಹತ್ರ ಹೋದ್ವಿ. ಅವಳು ಒಂದು ಜಡೆ ಹಾಕ್ಕೊಂಡು ಇನ್ನೊಂದು ಬಿಚ್ಕೊಂಡೇ ಓಡಿ ಬಂದ್ಲು. ಮರದ ಕೆಳಗೆ ಪೇಪರ್ ಬಿಚ್ಚಿ ಇಟ್ಟೆ. ಅವನು ತನ್ನ ಪಾಲಿನ ಪೊಟ್ಟಣನ ತಂಗಿ ಕಡೆ ತಳ್ಳಿ, ಮಿರ್ಚಿ ಮಾತ್ರ ಕೈಗೆ ತಗೊಂಡ.

"ಯಾಕೋ, ಮಂಡಕ್ಕಿ ತಿನ್ನಲ್ವಾ?"

"ಭಟ್ಟಿ ನೋಡಿದೀರಲ್ಲ ಅಕ್ಕ, ನೀವ್ ತಿಂತೀರಾ?" ಅಂದ.

ನಾನು ಅಷ್ಟೊತ್ತಿಗೆ ಅರ್ಧ ಪ್ಲೇಟು ತಿಂದಾಗಿತ್ತು.