ಮುರಕಲ್ಲಿನ ಪದವು, ಅಡಿಕೆ ಹಾಳೆಯ ಬೆಳಕು

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕದ ಬಸ್ಸು ಹತ್ತಿ ನಾಯ್ಕಾಪಿನಲ್ಲಿ ಇಳಿದರೆ ಅನಂತಪುರ ದೂರವೇನಲ್ಲ. ಬಂದವರು ಕೆರೆಯ ನಡುವಿನ ದೇವಸ್ಥಾನ ನೋಡಿ, 2022ರಲ್ಲಿ ಸತ್ತ ಮೊಸಳೆ ಬಬಿಯಾನ ಕಥೆ ಕೇಳಿ ಹಿಂದಿರುಗುವುದೇ ಹೆಚ್ಚು. ನಾನೂ ಭಾವನೂ ದೇವರಿಗೆ ಕೈಮುಗಿದು, ಕ್ಯಾಮೆರಾ ಹೊತ್ತು ನೇರ ಪದವಿಗೆ, ಅಂದರೆ ಎತ್ತರದ ಕಲ್ಲುಬಯಲಿಗೆ, ನಡೆದೆವು. ಬೇಸಿಗೆಯಲ್ಲಿ ಅಂಗಾಲು ಸುಡುವ ಈ ಮುರಕಲ್ಲಿನ ಬಯಲಲ್ಲಿ ಆಗಸ್ಟ್ ಹೊತ್ತಿಗೆ ತಗ್ಗು ತಗ್ಗಿನಲ್ಲೂ ನೀರು. ಅದರ ಅಂಚಿನಲ್ಲಿ ಯುಟ್ರಿಕ್ಯುಲೇರಿಯಾ ಎಂಬ ಪುಟ್ಟ ಗಿಡದ ನೀಲಿ ಹೂಗಳು, ಅವುಗಳ ನಡುವೆ ತೀರ ಹತ್ತಿರದಿಂದ ಫೋಟೊ ತೆಗೆಯಲೆಂದು ನಾನು ಹುಡುಕಿ ಬಂದಿದ್ದ ಕೀಟಾಹಾರಿ ಗಿಡ ಡ್ರೊಸೆರಾ.

ಮಳೆಗಾಲದ ಮೋಡ ಪುಕ್ಕಟೆ ಸಿಗುವ ಡಿಫ್ಯೂಸರ್, ಬೆಳಕನ್ನು ಹರಡಿ ಮೆದುಮಾಡುವ ಪರದೆ. ನೆರಳು ಮೆದುವಾಗುತ್ತದೆ, ಬಣ್ಣ ಹದವಾಗಿ ಬರುತ್ತದೆ. ಸಾಲದಾಗುವುದು ಬೆಳಕಿನ ಪ್ರಮಾಣ. ವಸ್ತು ತನ್ನ ನಿಜ ಗಾತ್ರದಲ್ಲೇ ಕ್ಯಾಮೆರಾದ ಸೆನ್ಸರಿನ ಮೇಲೆ ಮೂಡುವಷ್ಟು ಹತ್ತಿರ ಹೋದಾಗ ಎರಡು ಸ್ಟಾಪ್‌ನಷ್ಟು (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ) ಬೆಳಕು ಸೋರಿಹೋಗಿ ಸುಮಾರು ಕಾಲುಭಾಗ ಮಾತ್ರ ಉಳಿಯುತ್ತದೆ. ಫೋಕಸಿನ ಆಳ, ಅಂದರೆ ಸ್ಪಷ್ಟವಾಗಿ ಮೂಡುವ ಪಟ್ಟಿ, ಲೆನ್ಸಿನ ಕಿಂಡಿಯನ್ನು ಎಫ್/11ರಷ್ಟು ಕಿರಿದಾಗಿಸಿದರೂ ಒಂದೆರಡು ಮಿಲಿಮೀಟರ್ ದಾಟುವುದಿಲ್ಲ. ಸಾಲದ್ದಕ್ಕೆ ಕಡಲ ಕಡೆಯಿಂದ ಬಿಡದೆ ಬೀಸುವ ಗಾಳಿ. ಆದ್ದರಿಂದ ಫ್ಲ್ಯಾಶ್ ಬೇಕೇ ಬೇಕು: ಕಡಿಮೆ ಶಕ್ತಿಯಲ್ಲಿ ಹಾರಿಸಿದರೆ ಅದು ಬೆಳಗುವುದು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನಷ್ಟು ಹೊತ್ತು, ಅಷ್ಟರಲ್ಲಿ ಯಾವ ದಂಟೂ ಅಲ್ಲಾಡಲಾರದು.

ಆದರೆ ಬರಿಯ ಫ್ಲ್ಯಾಶ್ ಒರಟು. ಡ್ರೊಸೆರಾದ ಎಲೆ ತುಂಬ ಕೆಂಪು ರೋಮಗಳು, ಒಂದೊಂದರ ತುದಿಯಲ್ಲೂ ಅಂಟಿನ ಹನಿ. ಎದುರಿನಿಂದ ಹೊಡೆದರೆ ಪ್ರತಿ ಹನಿಯಲ್ಲೂ ಚುಚ್ಚುವ ಬಿಳಿ ಚುಕ್ಕೆ, ಹಿನ್ನೆಲೆ ಕಗ್ಗತ್ತಲು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುವುದರಿಂದ ಹಿಂದಿನ ಹುಲ್ಲಿಗೆ ಏನೂ ತಲುಪುವುದಿಲ್ಲ. ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ಏರಿಸಿ, ಮೋಡದ ಬೆಳಕಿನಿಂದಲೇ ಆ ಹಸಿರನ್ನು ಉಳಿಸಿಕೊಂಡೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ಟ್ರೇಸಿಂಗ್ ಕಾಗದ ಹೊದೆಸಿ, ಗಿಡದ ಹಿಂದೆ ಗೇಣು ದೂರದಲ್ಲಿ ತುಸು ಓರೆಯಾಗಿ ಇಟ್ಟೆ. ಕಾಗದ ಹತ್ತಿರವಾದಷ್ಟೂ ಹನಿಯ ಪಾಲಿಗೆ ಅದು ದೊಡ್ಡ ಕಿಟಕಿ. ರೋಮಗಳು ಅಂಚಿನಿಂದ ಕೆಂಡದ ಬಣ್ಣಕ್ಕೆ ತಿರುಗಿದವು. ಒಂದು ಹನಿಯಲ್ಲಿ ಸಿಕ್ಕ ನುಸಿಯ ರೆಕ್ಕೆಯ ನರಗಳೂ ಕಂಡವು.

ಇಷ್ಟಕ್ಕೆ ನೆಲಕ್ಕೆ ಎದೆಯಾನಿಸಿ ಮಲಗಬೇಕಾಯಿತು. "ದೇವರಿಗೆ ನಿಂತೇ ಕೈಮುಗಿದಿರಿ, ಹುಲ್ಲಿಗೆ ಸಾಷ್ಟಾಂಗವೋ ಭಾವ?" ಎಂದು ಕೇಳಿದವನು ತಾನೇ ಸಹಾಯಕ್ಕೂ ಬಂದ. ಎಲೆಯ ಈಚೆ ಮಗ್ಗುಲು ಕಪ್ಪಾಗಿತ್ತು. ಭಾವ ತೋಟದಿಂದ ತಂದಿದ್ದ ಅಡಿಕೆ ಹಾಳೆಯ ನುಣುಪಾದ ಒಳಮೈಯನ್ನು ಅದರತ್ತ ಹಿಡಿದ. ಹಾಳೆಯಿಂದ ಮರಳಿದ ಬೆಳಕಿನಲ್ಲಿ ನಸುಹಳದಿ ಇತ್ತು, ಕೆಂಪಿಗೆ ಒಪ್ಪಿತು. ಅದೇ ಹಾಳೆ ಯುಟ್ರಿಕ್ಯುಲೇರಿಯಾದ ನೀಲಿಯನ್ನು ಮಂಕು ಮಾಡಿತು; ಅಲ್ಲಿಗೆ ಥರ್ಮಕೋಲಿನ ತುಂಡೇ ಸರಿ. ಲೆನ್ಸಿಗೆ ಸಾವಿರಗಟ್ಟಲೆ ಸುರಿಯುವವರು ಈ ಎರಡು ತುಂಡುಗಳನ್ನು ಮೊದಲು ಚೀಲಕ್ಕೆ ಹಾಕಿಕೊಳ್ಳಲಿ ಎಂಬುದು ನನ್ನ ಹಟ.

ಹೊಳೆಯುವ ಬೆನ್ನಿನ ಜೀರುಂಡೆಗಳು ಬೇರೆ ತಲೆನೋವು: ಅವು ಕಾಗದದ ಆಕಾರವನ್ನೇ ಪ್ರತಿಬಿಂಬಿಸುತ್ತವೆ, ಮೂರು ಕಡೆ ಕಾಗದ ಕಟ್ಟಬೇಕು. ಅದಕ್ಕೆ ಹೊತ್ತಿರಲಿಲ್ಲ, ಮಳೆ ಶುರುವಾಗಿತ್ತು. ಹೋಗುವವರು ಬೆಳಗ್ಗೆ ಒಂಬತ್ತರೊಳಗೆ ಪದವು ಸೇರಿ, ಬರಿಯ ಕಲ್ಲು ಕಾಣುವಲ್ಲೇ ಹೆಜ್ಜೆ ಇಡಿ. ಡ್ರೊಸೆರಾದ ಎಳೆಯ ಸಸಿಗಳು ಬೆರಳುದ್ದವೂ ಇರುವುದಿಲ್ಲ.