ನುಂಗಲಾಗದ ಮೆಲುಕು

ಹೋದ ತಿಂಗಳು ಒಂದು ಸಂಜೆ ಅಕ್ಕನಿಗೆ ಫೋನ್ ಮಾಡಿದೆ. "ಆಮೇಲೆ ಮಾಡ್ತೀನಿ" ಅಂದಳು, ಇಟ್ಟುಬಿಟ್ಟಳು. ಅಷ್ಟೇ. ಊಟ ಆಯ್ತಾ ಅಂತ ಕೇಳದೆ ಫೋನ್ ಇಡುವವಳಲ್ಲ ಅವಳು. ದನಿಯೂ ಒಂಥರಾ ಇತ್ತು.

ಆಮೇಲೆ ಅವಳು ಮಾಡಲಿಲ್ಲ. ರಾತ್ರಿ ಮಲಗಿದ ಮೇಲೆ ಶುರುವಾಯಿತು. ಹಿಂದಿನ ವಾರ ಅಮ್ಮನ ಔಷಧಿ ವಿಷಯ ಬಂದಾಗ "ಒಂದು ಸಲ ನೀನೂ ತಂದುಕೊಡಬಹುದಲ್ವಾ" ಅಂದಿದ್ದೆ. ಅದನ್ನು ಮನಸ್ಸಿಗೆ ಹಚ್ಚಿಕೊಂಡಳಾ? ಎದ್ದು ಕೂತು ಅವಳ ಹಳೇ ಮೆಸೇಜುಗಳನ್ನೆಲ್ಲ ಓದಿದೆ. ಮೊದಲೆಲ್ಲ "ಸರಿ ಕಣೇ" ಅಂತ ಬರೆಯುತ್ತಿದ್ದವಳು ಈಚೆಗೆ ಎರಡು ಕಡೆ ಬರೀ "ಸರಿ" ಅಂತ ಬರೆದಿದ್ದಾಳೆ. ಅದು ಕಣ್ಣಿಗೆ ಬಿದ್ದಿದ್ದೇ ತಡ, ನಾನು ಕೇಳಬೇಕಾದ ಕ್ಷಮೆ, ಅದಕ್ಕೆ ಅವಳು ಅನ್ನಬಹುದಾದ ಮಾತು, ಆ ಮಾತಿಗೆ ನನ್ನ ಉತ್ತರ, ಇಷ್ಟೂ ತಲೆಯೊಳಗೆ ತಯಾರಾಗಿ ಹೋಯಿತು. ಗಂಟೆ ಒಂದೂವರೆ. ಯಾರೂ ಜಗಳ ಆಡಿರಲಿಲ್ಲ, ಆದರೂ ಜಗಳ ಆಡಿ ಮುಗಿಸಿದಷ್ಟು ಸುಸ್ತು.

ಮೂರು ದಿನ ಹೀಗೇ ಕಳೆಯಿತು. ನಾಲ್ಕನೇ ದಿನ ತಡೆಯಲಾರದೆ ಕೇಳಿಬಿಟ್ಟೆ. "ಯಾವತ್ತು?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಓ, ಅವತ್ತಾ? ದವಡೆ ಹಲ್ಲು ವಿಪರೀತ ನೋವು ಕಣೇ, ಬಾಯಿ ತೆರೆಯೋಕೆ ಆಗ್ತಿರಲಿಲ್ಲ. ನಿನ್ನೆ ಹೋಗಿ ಕೀಳಿಸಿಕೊಂಡು ಬಂದೆ."

ನನಗೆ ಮನಸ್ಸು ಹಗುರಾಗಬೇಕಿತ್ತು, ಅಲ್ವಾ? ಆಗಲಿಲ್ಲ. ಮೂರು ದಿನ ಹಗಲೂ ರಾತ್ರಿ ಅಕ್ಕನ ಬಗ್ಗೆಯೇ ಯೋಚಿಸಿದ್ದೆ, ಅಕ್ಕನಿಗೆ ಹಲ್ಲು ನೋವು ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. "ಹುಷಾರಿದ್ದೀಯಾ?" ಅಂತ ಒಂದು ಸಾಲು ಕಳಿಸಿದ್ದರೆ ಸಾಕಿತ್ತು. ಅವಳ ಬಗ್ಗೆ ಅಂತ ನಾನು ಅಂದುಕೊಂಡಿದ್ದೆಲ್ಲ ನನ್ನ ಬಗ್ಗೆಯೇ ಆಗಿತ್ತು. ನಾನು ಏನು ಅಂದೆ, ನನ್ನನ್ನು ಏನು ಅಂದುಕೊಂಡಳು, ನಾನು ಏನು ಹೇಳಲಿ. ಇಷ್ಟು ವರ್ಷ ಜಾಸ್ತಿ ಯೋಚಿಸುವುದೇ ಕಾಳಜಿ ಅಂತ ನಂಬಿಕೊಂಡು ಬಂದಿದ್ದೆ. ಆ ನಂಬಿಕೆ ಅವತ್ತು ಬಿರುಕು ಬಿಟ್ಟಿತು.

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಅಂತ ದೊಡ್ಡವರು ಹೇಳುತ್ತಾರೆ. ನಿಜ ಹೇಳಬೇಕಂದರೆ ಆ ಮಾತು ನನಗೆ ಯಾವತ್ತೂ ಉಪಯೋಗಕ್ಕೆ ಬಂದಿಲ್ಲ. ಅಯ್ಯೋ ಚಿಂತೆ ಮಾಡುತ್ತಿದ್ದೇನಲ್ಲಾ ಅನ್ನುವ ಇನ್ನೊಂದು ಚಿಂತೆ ಸೇರಿಕೊಳ್ಳುತ್ತಿತ್ತು. ನನಗೆ ಇದನ್ನು ಅರ್ಥ ಮಾಡಿಸಿದ್ದು ಮೆಲುಕು ಅನ್ನುವ ಪದ. ಮನಶ್ಶಾಸ್ತ್ರದಲ್ಲಿ ಇದಕ್ಕೆ ರೂಮಿನೇಷನ್ ಅನ್ನುತ್ತಾರೆ, ಆ ಪದದ ಮೂಲ ಅರ್ಥವೂ ದನ ಮೆಲುಕು ಹಾಕುವುದೇ. ಸೂಸನ್ ನೋಲೆನ್-ಹೋಕ್ಸೆಮಾ ಅನ್ನುವ ಮನಶ್ಶಾಸ್ತ್ರಜ್ಞೆ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದರು. ಬೇಸರವಾದಾಗ ಯಾಕೆ ಹೀಗಾಯ್ತು, ನನಗೇ ಯಾಕೆ ಅಂತ ಅದನ್ನೇ ತಿರುವಿ ಹಾಕುತ್ತಾ ಕೂರುವವರಿಗೆ ಆ ಬೇಸರ ಜಾಸ್ತಿ ದಿನ ಉಳಿಯುತ್ತದೆ ಅಂತ ಅವರು ತೋರಿಸಿಕೊಟ್ಟರು. ದನ ಮೆಲುಕು ಹಾಕಿದ್ದನ್ನು ಕೊನೆಗೆ ನುಂಗುತ್ತದೆ, ಅದು ಅರಗುತ್ತದೆ. ನಮ್ಮದು ನುಂಗುವ ತನಕ ಬರುವುದೇ ಇಲ್ಲ.

ಹಾಗಂತ "ಯೋಚನೆ ಮಾಡಬೇಡ ಬಿಡು" ಅಂದರೆ ಬಿಡುತ್ತದಾ? 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಬೇಕಾದರೆ ಯೋಚಿಸಿ ಅಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ನೆನಪಾಯಿತು. ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯ್ತು ಅಂದರೆ, ಮನಸ್ಸು ಗಟ್ಟಿ ಮಾಡಿಕೊಳ್ಳೋಕೆ ಬರದವಳು ಅಂತ ನನ್ನನ್ನೇ ಬೈದುಕೊಳ್ಳುವುದನ್ನು ಅವತ್ತೇ ಬಿಟ್ಟೆ.

ನನಗೆ ಕೆಲಸಕ್ಕೆ ಬಂದಿದ್ದು ಯೋಚನೆಗೆ ಒಂದು ಹೊತ್ತು ಕೊಡುವುದು. ಥಾಮಸ್ ಬೊರ್ಕೊವೆಕ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 1983ರಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅರ್ಧ ಗಂಟೆ ಕೂತು ಚಿಂತೆ ಮಾಡುವುದು, ಉಳಿದ ಹೊತ್ತಲ್ಲಿ ಬಂದಿದ್ದನ್ನು ಆ ಹೊತ್ತಿಗೆ ಮುಂದೂಡುವುದು. ನಾನು ಸಂಜೆ ಆರೂವರೆ ಇಟ್ಟುಕೊಂಡೆ. ಕಿಟಕಿ ಪಕ್ಕದ ಕುರ್ಚಿ, ಹಾಸಿಗೆ ಮಾತ್ರ ಬೇಡವೇ ಬೇಡ. ಹಗಲು ಏನಾದರೂ ತಲೆ ಕೊರೆಯೋಕೆ ಶುರುವಾದರೆ ಒಂದು ಸಾಲು ನೋಟ್‌ಬುಕ್ಕಿನಲ್ಲಿ ಬರೆದು ಕೆಲಸಕ್ಕೆ ವಾಪಸ್. ಮೊದಲ ವಾರ ಏನೂ ಪ್ರಯೋಜನ ಕಾಣಲಿಲ್ಲ, ಬರೆದ ಮೇಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಎರಡನೇ ವಾರದಲ್ಲಿ ಒಂದು ಸಂಜೆ ಪುಟ ತೆಗೆದರೆ ಐದು ಸಾಲು ಇದ್ದವು. "ಮೀಟಿಂಗಿನಲ್ಲಿ ಹೆಸರು ತಪ್ಪು ಹೇಳಿದೆ" ಅನ್ನುವುದು ಎಷ್ಟು ಹೊತ್ತು ನೋಡಿದರೂ ಬರೀ ಒಂದು ಸಾಲಾಗಿಯೇ ಕಂಡಿತು. ಬೆಳಿಗ್ಗೆ ಅದು ಗುಡ್ಡದಷ್ಟಿತ್ತು. "ಬೆನ್ನು ನೋವು, ಏನೋ ದೊಡ್ಡದಿರಬಹುದು" ಅನ್ನುವ ಸಾಲಿನ ಪಕ್ಕ "ನಾಳೆ ಡಾಕ್ಟರ್ ಹತ್ತಿರ ಹೋಗುವುದು" ಅಂತ ಬರೆದೆ, ಹೋದೆ.

ಈಗ ಪ್ರತಿ ಸಾಲಿಗೂ ಅದೇ ಪ್ರಶ್ನೆ. ಇದಕ್ಕೆ ನಾಳೆ ನಾನು ಮಾಡುವಂಥದ್ದು ಏನಾದರೂ ಇದೆಯಾ? ಇದ್ದರೆ ಬರೆಯುತ್ತೇನೆ. ಇಲ್ಲದಿದ್ದರೆ ಸುಮ್ನೆ ಅದರ ಮುಂದೆ ಸ್ವಲ್ಪ ಹೊತ್ತು ಕೂರುತ್ತೇನೆ, ಅದೂ ಬೇಕಾಗುತ್ತದೆ.

ಯಾವ ಬಣ್ಣದ್ದು ತಗೊಳ್ಳಲಿ, ಯಾವ ದಾರೀಲಿ ಹೋಗಲಿ ಅನ್ನುವ ಸಣ್ಣ ವಿಷಯಗಳಲ್ಲಿ, ಸಾಕು ಅನ್ನಿಸಿದ ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ. ಎಲ್ಲಕ್ಕಿಂತ ಒಳ್ಳೆಯದೇ ಬೇಕು ಅಂತ ಹುಡುಕುವುದಕ್ಕಿಂತ ಸಾಕಷ್ಟು ಒಳ್ಳೆಯದನ್ನು ಹಿಡಿದು ಮುಂದೆ ಹೋಗುವ ಈ ವಿಚಾರವನ್ನು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ಬರೆದಿದ್ದರು. ಇದರಲ್ಲಿ ನಾನಿನ್ನೂ ಕಲಿಯುತ್ತಿದ್ದೇನೆ.

ಒಂದು ಮಾತು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕೆಲಸಕ್ಕೆ ಕೈ ಹೋಗುತ್ತಿಲ್ಲ ಅಂತಾದರೆ ದಯವಿಟ್ಟು ನೋಟ್‌ಬುಕ್ ನೆಚ್ಚಿಕೊಂಡು ಕೂರಬೇಡಿ. ಮನೋವೈದ್ಯರ ಹತ್ತಿರ ಅಥವಾ ಆಪ್ತ ಸಮಾಲೋಚಕರ ಹತ್ತಿರ ಹೋಗಿ.

ಮೊನ್ನೆ ಅಕ್ಕ ಮತ್ತೆ ಹಾಗೇ ಮಾಡಿದಳು. "ಆಮೇಲೆ ಮಾಡ್ತೀನಿ", ಕಟ್. ಎದೆ ಡವಗುಟ್ಟಿತು, ಸುಳ್ಳು ಹೇಳಲ್ಲ. ಹತ್ತು ನಿಮಿಷ ಬಿಟ್ಟು ನಾನೇ ಮಾಡಿ, "ಹುಷಾರಿದ್ದೀಯಾ ಅಕ್ಕಾ?" ಅಂದೆ. ಬಾಗಿಲಿಗೆ ಯಾರೋ ಬಂದಿದ್ದರಂತೆ. ಆಮೇಲೆ ಅವಳು ಹಲ್ಲು ಕಿತ್ತ ಜಾಗ ಇನ್ನೂ ಹೇಗೆ ಜುಮ್ಮೆನ್ನುತ್ತದೆ ಅಂತ ಹೇಳತೊಡಗಿದಳು, ನಾನು ಪೂರ್ತಿ ಕೇಳಿಸಿಕೊಂಡೆ.